ತೊಳೆದ ರಸ್ತೆ

ನನ್ನನ್ನು ಮಾಟಗಾತಿ ಎಂದು ಜನ ತಿಳಿದದ್ದು ಒಂದೆರಡು ಸಲವಲ್ಲ. ತಪ್ಪು ಅವರದಲ್ಲ ಬಿಡಿ. ಬೆಳ್ಳಂಬೆಳಗ್ಗೆ ಒಬ್ಬಳು ಹೆಂಗಸು ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಹಿತ್ತಾಳೆಯ ಲೋಟದಿಂದ ಬಿಳಿ ಮರಳು ಸುರಿದು, ಅಂಗೈಯಗಲದ ಬಿಲ್ಲೆಯಿಂದ ಅದನ್ನು ಸುತ್ತ ತೀಡಿ ದುಂಡಗೆ ಮಾಡಿ, ಆಮೇಲೆ ಸ್ಕೇಲಿಟ್ಟು ಅಳೆಯುತ್ತಾ ಬಾಯಲ್ಲೇ ಏನೋ ಮಣಮಣ ಅಂದುಕೊಳ್ಳುತ್ತಿದ್ದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಕಾಡುಗೋಡಿ ಕಡೆ ಒಬ್ಬ ಆಟೋದವನು ನನ್ನ ಮರಳಿನ ವೃತ್ತ ಕಂಡು ಗಾಡಿ ನಿಲ್ಲಿಸಿ, ಥೂ ಥೂ ಎಂದು ಉಗಿದು, ಬಂದ ದಾರಿಗೆ ತಿರುಗಿಸಿಕೊಂಡು ಹೋಗಿದ್ದ. ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಕೊರಳಿಗೆ ಐಡಿ ಕಾರ್ಡ್ ತೂಗುಹಾಕಿಕೊಂಡ ಹುಡುಗಿಯೊಬ್ಬಳು ಹತ್ತಿರ ಬಂದು, "ಮೇಡಂ, ಇದು ಯಾರಿಗೆ ಮಾಡ್ತಿರೋದು?" ಎಂದು ಕೇಳಿದ್ದಳು. "ರಸ್ತೆಗೆ ಕಣಮ್ಮ," ಅಂದೆ. ನಂಬಿದಳೋ ಇಲ್ಲವೋ, ಫುಟ್‌ಪಾತಿನ ಮೇಲಿಂದ ಸುತ್ತಿಕೊಂಡು ಹೋದಳು.

ನಾನಾಗ ಪೀಣ್ಯದ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಸಿಮೆಂಟು, ಜಲ್ಲಿ, ಟಾರು, ಇಟ್ಟಿಗೆ, ಯಾರು ಏನು ತಂದುಕೊಟ್ಟರೂ ಅದನ್ನು ಒಡೆದೋ ಸುಟ್ಟೋ ಅರೆದೋ ಅದರ ಯೋಗ್ಯತೆ ಇಷ್ಟು ಎಂದು ಹೇಳುವ ಜಾಗ ಅದು. ಐಟಿ ಕಂಪನಿಗಳು ಊರ ಹೊರಗೆಲ್ಲ ಹರಡಿಕೊಂಡು, ಅವುಗಳ ಬೆನ್ನಿಗೆ ರಸ್ತೆಗಳೂ ಹೋಗುತ್ತಿದ್ದ ಕಾಲ. ರಸ್ತೆ ಹಾಕಿದವರಿಗೆ ಒಂದು ವಿಷಯ ಗೊತ್ತಾಗಬೇಕಿತ್ತು. ಅದರ ಮೈ ಎಷ್ಟು ತರಿತರಿಯಾಗಿದೆ, ಅದು ಚಕ್ರವನ್ನು ಹಿಡಿಯುತ್ತದೋ ಜಾರಿಸುತ್ತದೋ? ಡಿಪ್ಲೊಮಾ ಮಾಡಿಕೊಂಡು ಸೇರಿದ್ದ ನನ್ನ ಪಾಲಿಗೆ ಆ ಕೆಲಸ ಬಂತು. ಬಿಸಿಲಲ್ಲಿ ಕೂರುವ ಕೆಲಸ ಎಂದು ಲ್ಯಾಬಿನಲ್ಲಿ ಬೇರೆ ಯಾರೂ ಅದಕ್ಕೆ ಕೈ ಚಾಚಲಿಲ್ಲ.

ಕೆಲಸದ ವಿಧಾನ ಸರಳ. ಜರಡಿ ಹಿಡಿದು ಒಣಗಿಸಿದ ನಯವಾದ ಮರಳನ್ನು ಅಳತೆ ಲೋಟದಲ್ಲಿ ತುಂಬಿ ರಸ್ತೆಯ ಮೇಲೆ ಸುರಿಯಬೇಕು. ಇನ್ನು ಹರಡುವುದಿಲ್ಲ ಅನ್ನುವವರೆಗೆ ತೀಡಬೇಕು. ರಸ್ತೆ ತರಿಯಾಗಿದ್ದರೆ ಮರಳು ಕಲ್ಲಿನ ಸಂದಿಗಳಿಗೆ ಇಳಿದು ವೃತ್ತ ಚಿಕ್ಕದಾಗುತ್ತದೆ. ನುಣ್ಣಗಿದ್ದರೆ ಇಳಿಯಲು ಜಾಗವಿಲ್ಲದೆ ಮರಳು ಅಗಲಕ್ಕೆ ಹೋಗುತ್ತದೆ. ವೃತ್ತ ದೊಡ್ಡದಾದಷ್ಟೂ ರಸ್ತೆ ಕೆಟ್ಟದ್ದು ಎಂದು ಅರ್ಥ. ಇದಲ್ಲದೆ ಇನ್ನೊಂದು ಯಂತ್ರವಿತ್ತು. ಮೂರು ಕಾಲಿನ ಮೇಲೆ ನಿಂತ ಒಂದು ಕಂಬ, ಅದಕ್ಕೆ ಗಡಿಯಾರದ ಲೋಲಕದಂತೆ ತೂಗುವ ಒಂದು ತೋಳು, ತೋಳಿನ ತುದಿಗೆ ರಬ್ಬರಿನ ತುಂಡು. ಮೇಲಿಂದ ಬಿಟ್ಟರೆ ಆ ರಬ್ಬರು ರಸ್ತೆಯನ್ನು ಉಜ್ಜಿಕೊಂಡು ಆಚೆ ಬದಿಗೆ ಏರುತ್ತದೆ. ರಸ್ತೆ ಹಿಡಿದರೆ ಹೆಚ್ಚು ಏರುವುದಿಲ್ಲ. ರಸ್ತೆ ಬಿಟ್ಟುಕೊಟ್ಟರೆ ಸರ್ರನೆ ಏರಿಬಿಡುತ್ತದೆ.

ಹೆಗ್ಗನಹಳ್ಳಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾವು ಮೂರೇ ಜನ. ನಾನು, ನಮ್ಮ ಯಜಮಾನರು, ಮಾವ. ಅತ್ತೆ ನಾನು ಆ ಮನೆಗೆ ಬರುವ ಮೊದಲೇ ಹೋಗಿದ್ದರು. ಯಜಮಾನರು ಒಂದು ಲೇತ್ ವರ್ಕ್‌ಶಾಪಿನಲ್ಲಿ ಟರ್ನರ್. ಕಬ್ಬಿಣವನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಬಾರದಂತೆ ನುಣ್ಣಗೆ ಮಾಡುವುದು ಅವರ ಕಸುಬು, ನುಣ್ಣಗಾದದ್ದನ್ನು ಬಯ್ಯುವುದು ನನ್ನ ಕಸುಬು. "ನಾನು ಇಡೀ ದಿನ ಫಿನಿಶಿಂಗ್ ಕೊಡ್ತೀನಿ, ನೀನು ಫಿನಿಶಿಂಗ್ ಜಾಸ್ತಿ ಆಯ್ತು ಅಂತ ರಿಪೋರ್ಟ್ ಕೊಡ್ತೀಯ. ನಮ್ಮಿಬ್ರ ಜಾತಕ ಅದೆಂಗ್ ಕೂಡ್ತೋ," ಎಂದು ನಗುತ್ತಿದ್ದರು. ನನ್ನ ಬಾಯಿ ಮೊದಲಿನಿಂದಲೂ ಜೋರು, ಸಿಟ್ಟು ಮೂಗಿನ ತುದಿಯಲ್ಲೇ. ಅವರು ಅದನ್ನು ಹತ್ತಿಯಂತೆ ತೆಗೆದುಕೊಂಡರು. ನಾನು ಕೂಗಾಡಿದಷ್ಟೂ ಅವರು ಮೆತ್ತಗಾಗುತ್ತಿದ್ದರು, ಕೊನೆಗೆ ನನಗೇ ನಾಚಿಕೆಯಾಗುತ್ತಿತ್ತು.

ಮಾವ ಕುಣಿಗಲ್ ಕಡೆಯ ಹಳ್ಳಿಯಿಂದ ಚಿಕ್ಕ ವಯಸ್ಸಿನಲ್ಲೇ ಪೀಣ್ಯಕ್ಕೆ ಬಂದವರು. ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ದುಡಿದು ಸವೆದು, ವಯಸ್ಸಾದ ಮೇಲೆ ಅದರದೇ ಗೇಟು ಕಾಯುತ್ತಿದ್ದರು. ಪ್ರೆಸ್ ಮೆಷಿನ್ನಿನ ಕೆಲಸವೆಂದರೆ ಬೆರಳು ಹೋಗುವ ಕೆಲಸ. ಅಲ್ಲಿ ಹತ್ತೂ ಬೆರಳು ಉಳಿಸಿಕೊಂಡು ಮುದುಕರಾದವರು ಕಡಿಮೆ, ಮಾವ ಆ ಕಡಿಮೆ ಜನರಲ್ಲಿ ಒಬ್ಬರು. ಅದಕ್ಕೇ ಪ್ರತಿ ಆಯುಧಪೂಜೆಗೆ ಬೂದುಗುಂಬಳಕಾಯಿ ಒಡೆಯುವ ಹಕ್ಕು ಅವರದಾಗಿತ್ತು. ಅವರ ಕೈಗುಣ ಒಳ್ಳೆಯದು, ಅವರು ಒಡೆದರೆ ಆ ವರ್ಷ ಯಾರಿಗೂ ಪೆಟ್ಟಾಗುವುದಿಲ್ಲ ಎಂದು ಮಾಲೀಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ನಂಬಿಕೆ. ಮಾವನಿಗೂ ಅದೇ ನಂಬಿಕೆ, ಮೇಲೆ ಒಂದಿಷ್ಟು ಜಂಬ.

ಕಾಯಿಗೆ ತೂತು ಕೊರೆದು, ಒಳಗೆ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಒಂದೊಂದು ಮೆಷಿನ್ನಿಗೂ ನಿವಾಳಿಸಿಕೊಂಡು, ಗೇಟಿನಾಚೆ ಮೂರು ದಾರಿ ಕೂಡುವಲ್ಲಿ ಎತ್ತಿ ಒಡೆಯುತ್ತಿದ್ದರು. ಗೇಟಿನ ಮುಂದೆಯೇ ಒಡೆಯುವುದನ್ನು ಅವರು ಒಪ್ಪುತ್ತಿರಲಿಲ್ಲ. ದೃಷ್ಟಿ ತೆಗೆದದ್ದನ್ನು ಬಾಗಿಲಲ್ಲೇ ಹಾಕಿದರೆ ಅದು ಮತ್ತೆ ಒಳಗೆ ಬರುತ್ತದೆ, ಮೂರು ದಾರಿಯಲ್ಲಿ ಹಾಕಿದರೆ ಅದಕ್ಕೆ ದಾರಿ ತಪ್ಪುತ್ತದೆ ಎಂಬುದು ಅವರ ಲೆಕ್ಕ. ಸುತ್ತಮುತ್ತಲ ಕಾರ್ಖಾನೆಗಳವರದೂ ಅದೇ ಲೆಕ್ಕ. ಹಾಗಾಗಿ ಆಯುಧಪೂಜೆಯ ಸಂಜೆ ಆ ಕೂಡುದಾರಿಯಲ್ಲಿ ಟಾರು ಕಾಣದಷ್ಟು ಹೋಳುಗಳು ಬಿದ್ದಿರುತ್ತಿದ್ದವು. ಗಾಡಿಗಳೆಲ್ಲ ಬ್ರೇಕ್ ಹಾಕಿ ತಿರುಗುವ ಜಾಗವೂ ಅದೇ ಆಗಿತ್ತು.

ಆ ವರ್ಷದ ಆಯುಧಪೂಜೆಯ ಸಂಜೆ ನಮ್ಮ ಯಜಮಾನರು ತಮ್ಮ ವರ್ಕ್‌ಶಾಪಿನ ಪೂಜೆ ಮುಗಿಸಿ, ಬೈಕಿಗೆ ಬಾಳೆಕಂದು, ಚೆಂಡುಹೂವು ಕಟ್ಟಿಕೊಂಡು ಅಪ್ಪನನ್ನು ಮನೆಗೆ ಕರೆತರಲು ಹೊರಟರು. ಆ ಕೂಡುದಾರಿಯಲ್ಲಿ ತಿರುಗುವಾಗ ಬೈಕು ಜಾರಿತು. ತಲೆಗೆ ಹೆಲ್ಮೆಟ್ ಇತ್ತು. ರಸ್ತೆಯಂಚಿನ ಕಲ್ಲು ಎದೆಗೆ ಬಡಿದಿತ್ತು. ಗೇಟಿನ ಹತ್ತಿರ ಪುರಿ ಹಂಚುತ್ತಿದ್ದ ಮಾವ ಸದ್ದು ಕೇಳಿ, ಯಾರೋ ಬಿದ್ದರು ಎಂದು ಓಡಿದರಂತೆ. ಹತ್ತಿರ ಹೋದಾಗಲೂ ಮಗನ ಬೈಕೆಂದು ತಿಳಿಯಲಿಲ್ಲವಂತೆ, ಆವತ್ತು ಎಲ್ಲರ ಬೈಕಿಗೂ ಅದೇ ಚೆಂಡುಹೂವು. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಾವಿನ ಮನೆಗೆ ಬಂದವರಿಗೆ ಅಳುವುದಕ್ಕಿಂತ ಮೊದಲು ಕಾರಣ ಬೇಕು. "ಕುಂಬಳಕಾಯಿ ಹೋಳಿನ ಮೇಲೆ ಹತ್ತಿಸಿಬಿಟ್ರಂತೆ," ಎಂದು ಒಬ್ಬರು ಹೇಳಿದರು. "ಒಡೆದಿದ್ದು ಯಾರು ಗೊತ್ತಾ, ಅವರಪ್ಪಾನೇ ಅಂತೆ," ಎಂದು ಇನ್ನೊಬ್ಬರು ನನ್ನ ಬೆನ್ನ ಹಿಂದೆಯೇ ಪಿಸುಗುಟ್ಟಿದರು. ಪಿಸುಮಾತು ಮಾವನಿಗೂ ಕೇಳಿಸಿತು. ಅವರು ಯಾರಿಗೂ ಎದುರು ಹೇಳಲಿಲ್ಲ. ನನ್ನ ಹತ್ತಿರ ಮಾತ್ರ, ಅದೂ ಬೇರೆ ಯಾರೂ ಇಲ್ಲದಾಗ, ಒಂದೇ ಮಾತು ಹೇಳುತ್ತಿದ್ದರು. "ನಾನು ಬಳ್ದು ತೊಳ್ದಿದ್ದೆ ಕಣವ್ವ. ಒಂದ್ ಹೋಳೂ ಬಿಟ್ಟಿರ್ನಿಲ್ಲ."

ನಾನು ನಂಬಲಿಲ್ಲ. ಆ ಗದ್ದಲದಲ್ಲಿ, ಮುಸ್ಸಂಜೆಯಲ್ಲಿ, ಕಣ್ಣು ಮಂಜಾದ ಮುದುಕರು ಎಷ್ಟು ತೊಳೆದಿರುತ್ತಾರೆ? ಎಲ್ಲೋ ಒಂದು ಹೋಳು ಉಳಿದಿತ್ತು, ಅದರ ಮೇಲೆ ಚಕ್ರ ಹತ್ತಿತು, ಅಷ್ಟೇ. ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಅನ್ನ ಬಡಿಸುತ್ತಿದ್ದೆ, ಅವರು ತಟ್ಟೆ ನೋಡಿಕೊಂಡು ತಿನ್ನುತ್ತಿದ್ದರು. ಬಡಿಸುವಾಗ ಅವರ ಕೈ ಕಾಣುತ್ತಿತ್ತು. ಎಲ್ಲರೂ ಹೊಗಳುತ್ತಿದ್ದ ಕೈ, ಹತ್ತೂ ಬೆರಳು ನೆಟ್ಟಗಿದ್ದ ಕೈ. ಈ ಕೈಯೇ ಅಲ್ಲವೇ ಎತ್ತಿ ಒಡೆದದ್ದು ಎಂದು ಹೊಟ್ಟೆಯೊಳಗೆ ಬೆಂಕಿ ಏಳುತ್ತಿತ್ತು. ಬಾಯಿ ಜೋರಿನ ನಾನು ಆ ದಿನಗಳಲ್ಲಿ ಒಂದು ಮಾತೂ ಆಡಲಿಲ್ಲ. ಕೂಗಾಡಿದ್ದರೆ ಇಬ್ಬರಿಗೂ ಒಳ್ಳೆಯದಿತ್ತೇನೋ.

ತುರುವೇಕೆರೆಯಿಂದ ನಮ್ಮಣ್ಣ ಕರೆದುಕೊಂಡು ಹೋಗಲು ಬಂದ. "ಇಲ್ಲಿ ಯಾರಿದಾರೆ ಅಂತ ಇರ್ತೀಯ? ಬಟ್ಟೆ ಕಟ್ಕೊ, ಹೋಗಣ," ಅಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮಾವನಿಗೆ ಬೇರೆ ಮಕ್ಕಳಿರಲಿಲ್ಲ, ನಾನು ಹೋದರೆ ಅವರು ಒಬ್ಬರೇ. ಹೋಗಬೇಕೋ ಬೇಡವೋ ಎಂದು ನನಗೆ ತಿಳಿಯಲಿಲ್ಲ. ನನ್ನ ಗಂಡನನ್ನು ಕೊಂದದ್ದು ಈ ಮುದುಕರ ಕೈ ಆಗಿದ್ದರೆ ಆ ಕೈಗೆ ನಾನು ಅನ್ನ ಬಡಿಸಲಾರೆ. ಅಲ್ಲವಾದರೆ ಅವರನ್ನು ಬಿಟ್ಟು ಹೋಗಲಾರೆ. "ಸ್ವಲ್ಪ ದಿನ ತಡಿ ಅಣ್ಣ. ನಾನು ಒಂದು ಅಳತೆ ಮಾಡೋದಿದೆ," ಅಂದೆ. ದುಃಖದಲ್ಲಿ ತಂಗಿಗೆ ತಲೆ ಕೆಟ್ಟಿದೆ ಎಂಬಂತೆ ಅವನು ನನ್ನ ಮುಖ ನೋಡಿ ಊರಿಗೆ ವಾಪಸ್ಸಾದ.

ನನ್ನ ತಲೆಯಲ್ಲಿದ್ದ ವಿಚಾರ ಇಷ್ಟು. ಗಾಡಿಗಳು ಬ್ರೇಕ್ ಹಾಕುವ ಜಾಗದಲ್ಲಿ ಟೈರು ಉಜ್ಜಿ ಉಜ್ಜಿ ಜಲ್ಲಿಯ ಮುಖ ಸವೆದು ಹೋಗುತ್ತದೆ. ಕೂಡುದಾರಿಗಳಲ್ಲಿ ಅದು ಸಾಮಾನ್ಯ. ಆ ರಸ್ತೆ ಹಳೆಯದು, ಹಗಲಿಡೀ ಕಬ್ಬಿಣ ಹೊತ್ತ ಲಾರಿಗಳು ತಿರುಗುವ ರಸ್ತೆ. ರಸ್ತೆಯೇ ನುಣ್ಣಗಾಗಿತ್ತು ಎಂದು ಅಳತೆ ತೋರಿಸಿದರೆ ತಪ್ಪು ರಸ್ತೆಯದು, ಹೋಳಿನದಲ್ಲ, ಮಾವನದಲ್ಲ. ರಸ್ತೆ ತರಿಯಾಗಿದ್ದರೆ, ಅಂಥ ರಸ್ತೆಯಲ್ಲೂ ಬೈಕು ಜಾರಿತೆಂದರೆ, ಹೋಳು ಇದ್ದದ್ದು ನಿಜ. ಯಾವುದಾದರೂ ಒಂದು ಗೊತ್ತಾಗಲಿ ಎಂದುಕೊಂಡೆ.

ಲ್ಯಾಬಿನ ಮಾಲೀಕರನ್ನು ಕೇಳಿದೆ. ಅವರು ಕಾರಣ ಕೇಳಲಿಲ್ಲ, ಭಾನುವಾರ ಪೆಟ್ಟಿಗೆಗಳನ್ನು ತೆಗೆದುಕೊಂಡು ಹೋಗಲು ಒಪ್ಪಿದರು. ಶನಿವಾರ ಊಟಕ್ಕೆ ಕೂತಾಗ ಮಾವನಿಗೆ ಹೇಳಿದೆ. ಅವರು ಆ ದಿನದಿಂದ ಕೆಲಸಕ್ಕೂ ಹೋಗಿರಲಿಲ್ಲ, ಆ ರಸ್ತೆಯ ಕಡೆ ಕಾಲನ್ನೂ ಇಟ್ಟಿರಲಿಲ್ಲ. ಎತ್ತಿದ ತುತ್ತನ್ನು ತಟ್ಟೆಗೇ ವಾಪಸ್ಸು ಇಟ್ಟರು. ಆಮೇಲೆ, "ಗಾಡಿಗೋಳು ಬತ್ತವೆ. ನೀನು ರಸ್ತೆ ಮದ್ಯ ಒಬ್ಳೇ ಕುಂತ್ಕಂಡ್ರೆ ಎಂಗೆ? ನಾನು ಬಾವುಟ ಇಡ್ಕಂಡು ನಿಂತ್ಕತೀನಿ," ಅಂದರು.

ಭಾನುವಾರದ ಪೀಣ್ಯ ಬೇರೆಯೇ ಊರು. ಕಾರ್ಖಾನೆಗಳೆಲ್ಲ ಬಾಯಿ ಮುಚ್ಚಿರುತ್ತವೆ. ದೊಡ್ಡ ರಸ್ತೆಯ ಕಡೆ ಮೆಟ್ರೋ ಕಂಬಗಳು ಅರ್ಧಕ್ಕೇ ಎದ್ದು ನಿಂತಿದ್ದವು. ಆಟೋದಿಂದ ಪೆಟ್ಟಿಗೆಗಳನ್ನು ಇಳಿಸಿಕೊಂಡೆವು. ಕೂಡುದಾರಿಯ ಮೂಲೆಯಲ್ಲಿ ಒಂದು ಬೇಕರಿ ಮಾತ್ರ ತೆರೆದಿತ್ತು. ಮಾವ ಕೆಂಪು ಬಟ್ಟೆ ಕಟ್ಟಿದ ಕೋಲು ಹಿಡಿದು ರಸ್ತೆಯ ಆಚೆ ಬದಿಗೆ ಹೋಗಿ ನಿಂತರು. ಆ ಅಂಚುಕಲ್ಲಿನ ಕಡೆ ನಾವಿಬ್ಬರೂ ನೋಡಲಿಲ್ಲ.

ನಾನು ರಸ್ತೆ ಗುಡಿಸಿ ಮರಳು ಸುರಿದೆ. ತೀಡಲು ಶುರುಮಾಡಿದ ಸ್ವಲ್ಪ ಹೊತ್ತಿಗೇ ಗೊತ್ತಾಯಿತು. ಬಿಲ್ಲೆ ಗರಗರ ಅನ್ನಲೇ ಇಲ್ಲ, ಒರಳುಕಲ್ಲಿನ ಮೇಲೆ ಆಡಿದಂತೆ ಆಡಿತು. ಮರಳು ಹರಡಿತು, ಇನ್ನೂ ಹರಡಿತು, ನಾನು ಕೂತಲ್ಲಿಂದ ಹಿಂದಕ್ಕೆ ಸರಿಯಬೇಕಾಯಿತು. ಅಷ್ಟಗಲದ ವೃತ್ತವನ್ನು ನಾನು ಅದುವರೆಗೆ ಎಲ್ಲಿಯೂ ನೋಡಿರಲಿಲ್ಲ. ಅಡ್ಡಡ್ಡ, ಉದ್ದುದ್ದ ಸ್ಕೇಲಿಟ್ಟೆ. ಸಂಶಯವೇ ಇಲ್ಲ, ರಸ್ತೆ ಬೋಳಾಗಿತ್ತು. ನನ್ನ ಎದೆ ಹಗುರವಾಯಿತು. ಗಂಡ ಸತ್ತ ಮೇಲೆ ಅದು ಮೊದಲ ಸಲ ಹಗುರವಾದದ್ದು.

"ಮಾವ, ಬನ್ನಿ ಇಲ್ಲಿ," ಎಂದು ಕರೆದೆ. ಅವರು ಬಂದು ಬಗ್ಗಿ ನೋಡಿದರು. ಮರಳು ಯಾಕೆ ಇಷ್ಟಗಲ ಹೋಯಿತು, ಕಲ್ಲಿನ ಸಂದಿ ಯಾಕೆ ಮುಚ್ಚಿಹೋಗಿದೆ ಎಂದು ಬಿಡಿಸಿ ಹೇಳಿದೆ. ಅವರು ವೃತ್ತದ ಪಕ್ಕ ಬೆರಳಿನಿಂದ ರಸ್ತೆ ಸವರಿದರು.

"ಅಂಗಾರೆ ರಸ್ತೆದೇ ತಪ್ಪಾ?"

"ರಸ್ತೆದೇ ಮಾವ."

"ನಂದಲ್ಲ?"

"ನಿಮ್ದಲ್ಲ."

ಅವರು ಕೋಲು ಊರಿಕೊಂಡು ನಿಧಾನಕ್ಕೆ ಎದ್ದು ಬೇಕರಿಗೆ ಹೋಗಿ ನನಗೊಂದು ಟೀ ತಂದರು. ಆ ಮುಖ ನನಗೆ ಇವತ್ತಿಗೂ ನೆನಪಿದೆ. ಕಟ್ಟಿಕೊಂಡಿದ್ದ ಉಸಿರು ಬಿಟ್ಟವರ ಮುಖ ಹಾಗಿರುತ್ತದೆ. ಬೇಕರಿಯವನೂ ಅವರ ಹಿಂದೆಯೇ ಬಂದು ನಿಂತ. ಹಾಸನ ಕಡೆಯವನು, ಮಾತುಗಾರ. "ಮೇಡಂ, ಜನ ಏನೇನೋ ಅಂತಾರೆ, ನಾನು ಇಲ್ಲೇ ಇದ್ದೆ. ಹೋಳು ಒಂದೂ ಇರ್ಲಿಲ್ಲ. ಈ ಯಜಮಾನ್ರೇ ಬೇರೆಯೋರು ಒಡೆದಿದ್ದೂ ಎಲ್ಲಾ ಬಳಿದು ಮೂಟೆ ಕಟ್ಟಿದ್ರು. ಆಮೇಲೆ ಬಕೆಟ್‌ಗಟ್ಲೆ ನೀರು ತಂದು ಇಡೀ ಸರ್ಕಲ್ ತೊಳೆದ್ರು. ಸಾಕು ಬಿಡಿ ಯಜಮಾನ್ರೇ ಅಂದೆ. ಕೇಳ್ಲಿಲ್ಲ. ಇನ್ನೇನು ಮಗ ಬರೋ ಹೊತ್ತು, ಗಾಡಿ ಜಾರಬಾರ್ದು ಅಂತ ಇನ್ನೊಂದು ಬಕೆಟ್ ಹಾಕಿದ್ರು."

ಮಾವ ತಲೆ ಅಲ್ಲಾಡಿಸಿದರು. "ಅದನ್ನೇ ಅಲ್ವಾ ನಾನು ಯೋಳಿದ್ದು," ಎಂದು ನನ್ನ ಕಡೆ ನೋಡಿದರು. ಮಗುವಿನಂತೆ ನೋಡಿದರು. ನಾನು ಅವರನ್ನು ಇಷ್ಟು ದಿನ ನಂಬದೇ ಇದ್ದದ್ದಕ್ಕೆ ನನ್ನ ಕಣ್ಣು ತುಂಬಿತು.

ಅಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಹೊರಟುಬಿಡಬಹುದಿತ್ತು. ಆದರೆ ಮರಳು ಹೇಳುವುದು ಸಂದಿಗಳ ವಿಷಯ ಮಾತ್ರ, ಕಲ್ಲಿನ ಮುಖ ಎಷ್ಟು ಸವೆದಿದೆ ಎಂಬುದನ್ನು ಲೋಲಕವೇ ಹೇಳಬೇಕು. ಒಂದು ಮಾಡಿ ಇನ್ನೊಂದು ಬಿಟ್ಟರೆ ಅಳತೆ ಅರ್ಧವೇ. ಕೈ ತನ್ನಷ್ಟಕ್ಕೇ ಇನ್ನೊಂದು ಪೆಟ್ಟಿಗೆ ತೆರೆಯಿತು. ಯಂತ್ರವನ್ನು ನಿಲ್ಲಿಸಿ, ಮಟ್ಟ ಸರಿಮಾಡಿ, ಸರಿಯಾಗಿ ಕೂತಿದೆಯೋ ಎಂದು ನೋಡಲು ಒಣ ರಸ್ತೆಯ ಮೇಲೇ ಒಂದು ಸಲ ತೋಳು ಬಿಟ್ಟೆ. ರಬ್ಬರು ಗರಕ್ಕನೆ ಕಚ್ಚಿಕೊಂಡಿತು, ತೋಳು ಹೆಚ್ಚು ಏರಲಿಲ್ಲ. ಅದರಲ್ಲಿ ವಿಶೇಷವೇನಿಲ್ಲ, ಒಣಗಿದ್ದಾಗ ಬೋಳು ರಸ್ತೆಯೂ ಹಿಡಿಯುತ್ತದೆ. ಮಾವ ಪಕ್ಕದಲ್ಲೇ ಕೂತು ನೋಡುತ್ತಿದ್ದರು. "ಇಡೀತಲ್ಲ," ಅಂದರು. "ಇದು ಲೆಕ್ಕಕ್ಕಿಲ್ಲ ಮಾವ, ಈಗ ಮಾಡೋದು ಲೆಕ್ಕ," ಎನ್ನುತ್ತಾ ನಾನು ನೀರಿನ ಕ್ಯಾನಿನ ಮುಚ್ಚಳ ತೆಗೆದೆ.

ಈ ಪರೀಕ್ಷೆಯನ್ನು ರಸ್ತೆ ನೆನೆಸಿಯೇ ಮಾಡುವುದು ಕ್ರಮ. ಎಷ್ಟೋ ರಸ್ತೆಗಳ ಮೇಲೆ ಎಷ್ಟೋ ಸಲ ಹಾಗೆ ನೀರು ಸುರಿದಿದ್ದೇನೆ. ಮಾವ ತೊಳೆದಿದ್ದರು ಎಂಬುದನ್ನು ಬೇಕರಿಯವನು ಹೇಳುವವರೆಗೆ ನಾನು ನಂಬಿರಲಿಲ್ಲ, ನಂಬಿದ ಮೇಲೂ ಆ ಸಂಜೆಯ ನೀರನ್ನು ಈ ನೀರಿನ ಜೊತೆ ಕೂಡಿಸಿ ನೋಡಿರಲಿಲ್ಲ. ಕ್ಯಾನು ಬಗ್ಗಿಸಿದೆ. ನೀರು ಹರಡಿ ಟಾರು ಕಪ್ಪಗೆ ಹೊಳೆಯಿತು. ಆಗ ನನ್ನ ಕೈ ನಿಂತಿತು. ಆದರೆ ತೋಳನ್ನು ಆಗಲೇ ಮೇಲಕ್ಕೆ ಕಟ್ಟಿದ್ದೆ, ಮಾವ ನೋಡುತ್ತಾ ಕೂತಿದ್ದರು, ಬಿಡದೇ ಇರಲು ನೆಪವಿರಲಿಲ್ಲ. ಬಿಟ್ಟೆ. ರಬ್ಬರು ರಸ್ತೆಯನ್ನು ಮುಟ್ಟಿತೋ ಇಲ್ಲವೋ ಅನ್ನುವಂತೆ ತೋಳು ಸರ್ರನೆ ಆಚೆ ಬದಿಗೆ ಏರಿಹೋಯಿತು.

ವಾಪಸ್ಸು ಬಂದ ತೋಳನ್ನು ಹಿಡಿದು ನಿಲ್ಲಿಸಿದೆ. ಆಮೇಲೆ ಮಾವ ಕೇಳಿದರು, "ನೀರ್ ಆಕ್ಲೇಬೇಕಾ?"

"ಹಾಕ್ಬೇಕು ಮಾವ. ಕ್ರಮ ಅದು."

"ಇನ್ನೊಂದ್ ಕಿತಾ ವಣುಕ್ಲಲ್ಲಿ ಬಿಡು."

ಬಟ್ಟೆಯಿಂದ ಒರೆಸಿದೆ. ಬಿಸಿಲಿಗೆ ಬೇಗ ಒಣಗಿತು. ಬಿಟ್ಟೆ, ಹಿಡಿಯಿತು. ಅವರೇ ಕ್ಯಾನು ತೆಗೆದುಕೊಂಡು, ಅದೇ ಜಾಗಕ್ಕೆ ನೀರು ಹೊಯ್ದು, "ಬಿಡು," ಅಂದರು. ಜಾರಿತು. ಮಾವ ಕ್ಯಾನನ್ನು ನೆಲಕ್ಕಿಟ್ಟರು. ಲೋಲಕ ಏನೆಂದು ಗೊತ್ತಿಲ್ಲದವರಿಗೂ ಅರ್ಥವಾಗುವ ಸಂಗತಿ ಅದು, ನಾನು ಬಿಡಿಸಿ ಹೇಳುವುದು ಏನೂ ಉಳಿದಿರಲಿಲ್ಲ.

"ನೀವು ತೊಳೆದಿದ್ದಕ್ಕಲ್ಲ ಮಾವ," ಎಂದು ಅವರ ತೋಳು ಹಿಡಿದೆ. "ರಸ್ತೆ ಸರಿ ಇದ್ದಿದ್ರೆ ಎಷ್ಟು ನೀರು ಹಾಕಿದ್ರೂ ಏನೂ ಆಗ್ತಿರ್ಲಿಲ್ಲ. ಮಳೆ ಬಂದಿದ್ರೂ ಹಿಂಗೇ ಆಗ್ತಿತ್ತು."

"ಆವತ್ತು ಮಳೆ ಬರ್ನಿಲ್ಲ ಕಣವ್ವ," ಅಂದರು.

ಆಮೇಲೆ ಇನ್ನಷ್ಟು ಮೆಲ್ಲಗೆ, "ಹೋಳು ಅಂಗೇ ಬಿಟ್ಟಿದ್ರೆ ಕಂಡು ಪಕ್ಕಕ್ಕೆ ಹೋಯ್ತಿದ್ದ. ನೀರು ಅವನ ಕಣ್ಣಿಗೆ ಕಂಡಿರಾಕಿಲ್ಲ," ಅಂದರು. ನಾನು ಯಂತ್ರ ಬಿಚ್ಚಿ ಪೆಟ್ಟಿಗೆಗೆ ತುಂಬತೊಡಗಿದೆ.

ಮನೆಗೆ ಬಂದ ಮೇಲೆ ಅವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಜನ ಏನಾದರೂ ಅನ್ನಲಿ, ನಾನು ತೊಳೆದಿದ್ದೆ ಎಂಬ ಒಂದೇ ಮಾತನ್ನು ಹಿಡಿದುಕೊಂಡು ಅವರು ಅದುವರೆಗೆ ಬದುಕಿದ್ದರು. ಅದು ಕೈಜಾರಿತ್ತು. ನನಗೆ ಮಾತ್ರ ವಿಚಿತ್ರವಾದದ್ದೊಂದು ಆಗಿತ್ತು. ಅಷ್ಟು ದಿನ ಹೊಟ್ಟೆಯಲ್ಲಿ ಉರಿಯುತ್ತಿದ್ದ ಬೆಂಕಿ ಆರಿಹೋಗಿತ್ತು. ಕಣ್ಣು ಮುಚ್ಚಿದರೆ ಕುಂಬಳಕಾಯಿ ಎತ್ತಿದ ಕೈ ಕಾಣುತ್ತಿರಲಿಲ್ಲ. ಸೊಂಟ ಬಗ್ಗಿಸಿ ಯಾರು ಯಾರೋ ಒಡೆದ ಹೋಳುಗಳನ್ನೆಲ್ಲ ಬಳಿದು, ಮಗ ಬರುವ ದಾರಿಗೆ ಇನ್ನೊಂದು ಬಕೆಟ್ ನೀರು ಹೊತ್ತು ತರುತ್ತಿರುವ ಮುದುಕರು ಕಾಣುತ್ತಿದ್ದರು. ಅಂಥವರ ಮೇಲೆ ಎಷ್ಟು ಸಿಟ್ಟಿನ ಹೆಂಗಸಾದರೂ ಹೇಗೆ ಸಿಟ್ಟು ಮಾಡಿಕೊಂಡಾಳು? ಯಾವ ಪ್ರೀತಿಯಿಂದ ಅವರು ತೊಳೆದರೋ ಅದೇ ಪ್ರೀತಿ ನನಗೂ ಅವರಿಗೂ ಉಳಿದದ್ದು.

ನಮ್ಮಣ್ಣ ಮತ್ತೆ ಬಂದ. ನಾನು ಬಾಯಿ ತೆರೆಯುವ ಮೊದಲೇ ಮಾವ ಎದ್ದು ಕೂತು, "ಕರ್ಕಂಡೋಗಪ್ಪ. ಈ ಮನೇಲಿ ಅವಳ್ಗೇನು ಕೆಲ್ಸ? ನನ್ ಮುಖ ನೋಡ್ಕಂಡು ಯಾಕಿರ್ಬೇಕು?" ಅಂದರು. ನನ್ನ ಹಳೆಯ ಬಾಯಿ ಆವತ್ತು ವಾಪಸ್ಸು ಬಂತು. "ಯಾರ ಮುಖ ನೋಡ್ಕೊಂಡು ಇರಬೇಕು ಅಂತ ನಾನು ತೀರ್ಮಾನ ಮಾಡ್ತೀನಿ, ನೀವು ಸುಮ್ನೆ ಊಟಕ್ಕೆ ಏಳಿ," ಎಂದು ಗದರಿದೆ. ಅಣ್ಣ ತಲೆ ತಗ್ಗಿಸಿದ. ಮಾವ ಎದ್ದು ಕೈತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕೂತರು. ಕೂತು, ಅನ್ನ ಕಲಸಿಕೊಂಡು, ತುತ್ತು ಎತ್ತದೆ ಅತ್ತರು. ನಾನೂ ಅತ್ತೆ. ಅಣ್ಣನೊಬ್ಬನೇ ಆವತ್ತು ನೆಟ್ಟಗೆ ಊಟ ಮಾಡಿದ್ದು.

ನಾನು ಉಳಿದುಕೊಂಡೆ. ಬೆಳಗ್ಗೆ ಲ್ಯಾಬು, ಸಂಜೆ ಮನೆ. ಮಾವ ಅಡುಗೆಗೆ ತರಕಾರಿ ಹೆಚ್ಚಿಕೊಡುತ್ತಿದ್ದರು, ಅಂಗಡಿಗೆ ಹೋಗಿಬರುತ್ತಿದ್ದರು, ನಾನು ಬಯ್ದರೆ ಮಗನಂತೆಯೇ ಮೆತ್ತಗಾಗುತ್ತಿದ್ದರು. ಅವರನ್ನು ಒಪ್ಪಿಸಲು ನಾನು ಎಷ್ಟೋ ರೀತಿಯಲ್ಲಿ ಹೇಳಿದೆ. ಸವೆದ ಕಲ್ಲು ನಿಮ್ಮದಲ್ಲ, ಆ ಲಾರಿಗಳು ನಿಮ್ಮವಲ್ಲ, ಇನ್ನೊಂದು ದಿನ ಇನ್ನೊಬ್ಬರು ಬೀಳುತ್ತಿದ್ದರು. ಅವರು ಹೂಂ ಅನ್ನುತ್ತಿದ್ದರು. ನಂಬಿದವರು ಹಾಗೆ ಹೂಂ ಅನ್ನುವುದಿಲ್ಲ.

ಮುಂದಿನ ವರ್ಷ ಆಯುಧಪೂಜೆ ಬಂತು. ಕುಂಬಳಕಾಯಿ ಒಡೆಯಲು ಬನ್ನಿ ಎಂದು ಕಾರ್ಖಾನೆಯಿಂದ ಯಾರೂ ಕರೆಯಲಿಲ್ಲ, ಕರೆಯಬಾರದೆಂಬಷ್ಟು ಸೂಕ್ಷ್ಮ ಅವರಿಗಿತ್ತು. ನಮ್ಮ ಮನೆಯಲ್ಲಿ ಪೂಜೆ ಮಾಡುವಂಥದ್ದು ಏನೂ ಇರಲಿಲ್ಲ. ಬೈಕನ್ನು ಮಾರಿಯಾಗಿತ್ತು. ಸಂಜೆ ನಾನು ಒಳಗೆ ದೀಪ ಹಚ್ಚುತ್ತಿದ್ದಾಗ ಹೊರಗೆ ಒಂದೇ ಸಮನೆ ಮಳೆ ಹೊಯ್ಯತೊಡಗಿತು. ತಗಡಿನ ಮೇಲೆ ಅದರ ಸದ್ದಿಗೆ ಬೇರೇನೂ ಕೇಳಿಸದಾಯಿತು. ಬಾಗಿಲ ಹತ್ತಿರ ಕೂತಿದ್ದ ಮಾವ ಕಾಣಲಿಲ್ಲ. ಹೊರಗೆ ಬಂದೆ.

ಅವರು ಬೀದಿಯ ನಡುವೆ ನಿಂತಿದ್ದರು. ಅಂಗಿ ಮೈಗಂಟಿ ಎಲುಬು ಕಾಣುತ್ತಿತ್ತು. ಮುಖ ಮೇಲಕ್ಕೆತ್ತಿ ಕಣ್ಣಿಗೆ ಬೀಳುವ ನೀರನ್ನೂ ಒರೆಸಿಕೊಳ್ಳದೆ ಆಕಾಶ ನೋಡುತ್ತಿದ್ದರು. ಓಡಿಹೋಗಿ ಕೈ ಹಿಡಿದೆ.

"ಹ್ವಾದ್ ವರ್ಷ ಎಲ್ ಆಳಾಗೋಗಿತ್ತವ್ವ ಈ ಮಳೆ?" ಅಂದರು.

ನಾನು ಅವರನ್ನು ಒಳಗೆ ಕರೆತಂದು ತಲೆ ಒರೆಸಿದೆ.